ಡಿಸ್ಕು ಮರೆತ ಕಂಪ್ಯೂಟರು

ಯಂತ್ರವೊಂದು ಕೆಟ್ಟುಹೋಯಿತೆಂದು ಹೇಳುವುದಕ್ಕೂ, ಯಂತ್ರದ ಒಂದು ಭಾಗವು ಇನ್ನೊಂದು ಭಾಗದ ಗುರುತನ್ನು ಕಳೆದುಕೊಂಡಿದೆಯೆಂದು ಹೇಳುವುದಕ್ಕೂ ಅಂತರ ಬಹಳ. ಆದರೆ ಹತ್ತು ಹದಿನೈದು ವರ್ಷ ಅಟ್ಟದ ಮೇಲೋ ಅಂಗಡಿಯ ಮೂಲೆಯಲ್ಲೋ ಗೋಣಿತಾಟು ಹೊದ್ದು ಕುಳಿತಿದ್ದ ಕಂಪ್ಯೂಟರನ್ನು ಕೆಳಗಿಳಿಸಿ, ಧೂಳು ಕೊಡವಿ, ವಿದ್ಯುತ್ತು ಕೊಟ್ಟು, ಕಪ್ಪು ಪರದೆಯ ಮೇಲೆ ‘ಪ್ರೈಮರಿ ಮಾಸ್ಟರ್ ಹಾರ್ಡ್ ಡಿಸ್ಕ್ ಫೇಲ್’ ಎಂಬ ಬಿಳಿಯ ಸಾಲನ್ನು ಕಂಡವರಲ್ಲಿ ಈ ಅಂತರವನ್ನು ವಿಚಾರಿಸುವಷ್ಟು ವ್ಯವಧಾನವುಳ್ಳವರು ವಿರಳ. ‘ಡಿಸ್ಕು ಹೋಯಿತು’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಯಂತ್ರವನ್ನು ಗುಜರಿಗೆ ತೂಕಕ್ಕೆ ಹಾಕುವವರೇ ಹೆಚ್ಚು. ಈ ತೀರ್ಪು ಅನೇಕ ಸಂದರ್ಭಗಳಲ್ಲಿ ಅವಿಚಾರದ್ದೆಂಬುದೂ, ಅಂಥಲ್ಲಿ ನಷ್ಟವಾಗಿರತಕ್ಕದ್ದು ಡಿಸ್ಕಿನ ವಿಷಯವಾಗಿ ಯಂತ್ರಕ್ಕಿದ್ದ ತಿಳಿವಳಿಕೆ ಮಾತ್ರವೆಂಬುದೂ ಈ ಬರಹದ ಪ್ರತಿಪಾದ್ಯ.

ತುಮಕೂರು ಜಿಲ್ಲೆಯಂಥ ಪ್ರದೇಶದಲ್ಲಿ ಈ ವಿಚಾರಕ್ಕೆ ಕೇವಲ ಯಂತ್ರಕುತೂಹಲವನ್ನು ಮೀರಿದ ಮಹತ್ತ್ವವುಂಟು. ಕಳೆದ ಶತಮಾನದ ಕಡೆಯ ದಶಕದಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಮೊಳೆ ಜೋಡಿಸುವ ಮುದ್ರಣಾಲಯಗಳು ಒಂದೊಂದಾಗಿ ಹಿಂದೆ ಸರಿದು, ಅವುಗಳ ಸ್ಥಾನದಲ್ಲಿ ಡಿ.ಟಿ.ಪಿ. ಅಂಗಡಿಗಳು ತಲೆಯೆತ್ತಿದುವು. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಜಾತ್ರೆಯ ಭಿತ್ತಿಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ಊರ ಕವಿಯ ಚೊಚ್ಚಲ ಸಂಕಲನ, ಇವೆಲ್ಲವೂ ಅಲ್ಲಿಯ ಡಿಸ್ಕುಗಳಲ್ಲಿ ಸೇರಿದುವು. ಗುಬ್ಬಿಯಲ್ಲಿ ಇನ್ನೂ ಒಂದು ವಿಶೇಷ. 1884ರಲ್ಲಿ ಅಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಹೆಸರಿನೊಡನೆ ನಾಡೆಲ್ಲ ಮೆರೆದ ಚನ್ನಬಸವೇಶ್ವರ ನಾಟಕ ಸಂಘದ ನೆನಪು ಆ ಸೀಮೆಯಲ್ಲಿ ಇನ್ನೂ ಹಸಿಯಾಗಿರುವುದರಿಂದ, ಹಳ್ಳಿಹಳ್ಳಿಯ ಪೌರಾಣಿಕ ನಾಟಕದ ಕರಪತ್ರಗಳೂ, ಪಾತ್ರಧಾರಿಗಳ ಪಟ್ಟಿಗಳೂ, ಹಾರ್ಮೋನಿಯಂ ಮೇಷ್ಟರು ತಿದ್ದಿಕೊಟ್ಟ ಹಾಡಿನ ಪುಸ್ತಕಗಳೂ ಈ ಅಂಗಡಿಗಳಲ್ಲೇ ಟೈಪಾದುವು. ಅಚ್ಚಾದ ಪ್ರತಿಗಳು ಗೆದ್ದಲಿಗೆ ಹೋದರೂ ಮೂಲವು ಡಿಸ್ಕಿನಲ್ಲಿ ಉಳಿದಿರುವ ಸಂಭವವುಂಟು.

ಅಂಥ ಒಂದು ಅಂಗಡಿಯನ್ನು ಎಂದೋ ಮುಚ್ಚಿದ ಗುಬ್ಬಿಯ ಹಿರಿಯರೊಬ್ಬರು ತಮ್ಮ ಪೆಂಟಿಯಮ್ ಯಂತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತುಮಕೂರಿಗೆ ತಂದಿದ್ದರು. ನಗರದ ರಿಪೇರಿ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಕ್ಯಾಬಿನೆಟ್ಟನ್ನು ಪೂರ್ತಿ ಬಿಚ್ಚುವ ಮೊದಲೇ “ಡಿಸ್ಕ್ ಡೆಡ್ ಆಗಿದೆ ಅಂಕಲ್, ಡಾಟಾ ಆಸೆ ಬಿಟ್ಬಿಡಿ, ಹೊಸ ಸಿಸ್ಟಮ್ಮೇ ತಗೊಳ್ಳಿ” ಎಂದುಬಿಟ್ಟನಂತೆ. ಅದನ್ನು ನನಗೆ ಹೇಳಿ ಹಿರಿಯರು ಕೇಳಿದರು: “ಅಲ್ಲ ಸ್ವಾಮಿ, ಒಳಗೆ ಗುಂಯ್ ಅಂತ ತಿರುಗೋ ಸದ್ದು ಕೇಳ್ತಾ ಇದೆಯಲ್ಲ, ಸತ್ತಿರೋದು ತಿರುಗುತ್ತಾ?” ಪರೀಕ್ಷೆಗೆ ಆರಂಭವಾಗತಕ್ಕ ಸ್ಥಾನವನ್ನು ಆ ಪ್ರಶ್ನೆಯು ಎಷ್ಟು ಸರಿಯಾಗಿ ತೋರಿಸಿತೆಂದರೆ, ಅದನ್ನು ಆ ಹುಡುಗನೇ ಕೇಳಿಕೊಂಡಿದ್ದಿದ್ದರೆ ಅವರಿಗೆ ಅಷ್ಟು ಅಲೆದಾಟವಿರುತ್ತಿರಲಿಲ್ಲ.

ತಿರುಗುತ್ತಿರುವ ಡಿಸ್ಕನ್ನು ಯಂತ್ರವು ಏಕೆ ಕಾಣದು? ಸ್ವಿಚ್ಚು ಒತ್ತಿದ ಕ್ಷಣದಲ್ಲಿ ವಿಂಡೋಸಾಗಲಿ, ಕನ್ನಡ ಟೈಪಿಸುವ ತಂತ್ರಾಂಶವಾಗಲಿ ಯಂತ್ರದ ಅರಿವಿನಲ್ಲಿರುವುದಿಲ್ಲ, ಅವೆಲ್ಲವೂ ಡಿಸ್ಕಿನಲ್ಲಿವೆ. ಡಿಸ್ಕನ್ನು ಓದಬೇಕಾದರೆ ಡಿಸ್ಕೊಂದು ಇದೆಯೆಂಬುದೂ, ಅದರ ಅಳತೆ ಇಷ್ಟೆಂಬುದೂ ಮೊದಲೇ ಗೊತ್ತಿರಬೇಕು; ಅದನ್ನು ತಿಳಿದಿರತಕ್ಕದ್ದು ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ನೆಲೆಸಿರುವ ಬಯೋಸ್ ಎಂಬ ಚಿಕ್ಕ ಕ್ರಮವಿಧಿ. ಆ ಬಯೋಸು ತನ್ನ ವಿವರಗಳನ್ನು ಇರಿಸಿಕೊಳ್ಳುವ ಜಾಗಕ್ಕೆ ಸಿಮಾಸ್ ಎಂದು ಹೆಸರು. 1984ರಲ್ಲಿ ಐಬಿಎಂ ಕಂಪನಿಯ ಎಟಿ ಯಂತ್ರದಲ್ಲಿ ಈ ಕೆಲಸಕ್ಕೆ ಇಟ್ಟ ಮೊಟೊರೊಲಾ ಚಿಪ್ಪಿನಲ್ಲಿ ಇದ್ದದ್ದು ಒಟ್ಟು 64 ಬೈಟು. ಅದರಲ್ಲಿ 14 ಗಡಿಯಾರಕ್ಕೆ ಹೋಗಿ, ಯಂತ್ರದ ಸಮಸ್ತ ಆತ್ಮಪರಿಚಯಕ್ಕೆ ಉಳಿದದ್ದು 50. ಲಗ್ನಪತ್ರಿಕೆಯ ತಲೆಗೆ ಹಾಕುವ ‘ಶ್ರೀ ಗಣೇಶಾಯ ನಮಃ’ ಎಂಬುದೊಂದೇ ಇಂದಿನ ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ 41 ಬೈಟನ್ನು ಹಿಡಿಯುತ್ತದೆ ಎಂದರೆ ಆ ಸ್ಥಳದ ಸಂಕೋಚವೆಷ್ಟೆಂದು ತಿಳಿದೀತು. ಈ ಸ್ಮೃತಿಯ ಇನ್ನೊಂದು ದೌರ್ಬಲ್ಯವೆಂದರೆ ಸದಾ ಒಂದಿಷ್ಟು ವಿದ್ಯುತ್ತು ಇಲ್ಲದಿದ್ದರೆ ಅದು ನಿಲ್ಲದು. ಗೋಡೆಯ ಪ್ಲಗ್ಗನ್ನು ಕಿತ್ತ ಮೇಲೆ ಅದನ್ನು ಪೋಷಿಸತಕ್ಕದ್ದು ಎಂಟಾಣೆ ನಾಣ್ಯದ ಗಾತ್ರದ, ಮೂರು ವೋಲ್ಟಿನ ಒಂದು ಲಿಥಿಯಂ ಸೆಲ್ಲು.

ಅದೇ ಸೆಲ್ಲು ಯಂತ್ರದ ಗಡಿಯಾರವನ್ನೂ ನಡೆಸುತ್ತದೆ. ಆ ಗಡಿಯಾರದಲ್ಲಿರುವ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಾರಿ ಕಂಪಿಸುತ್ತದೆ. ಎರಡರಿಂದ ಹದಿನೈದು ಸಾರಿ ಭಾಗಿಸುತ್ತ ಹೋದರೆ ಶೇಷವಿಲ್ಲದೆ ಒಂದಕ್ಕೆ ಬಂದು ನಿಲ್ಲುವ ಸಂಖ್ಯೆ ಅದು. ಕ್ವಾರ್ಟ್ಸ್ ಕೈಗಡಿಯಾರದಲ್ಲಿ ಇರತಕ್ಕದ್ದೂ ಇದೇ ಕಂಪನದ ಹರಳೇ. ಎಚ್‌ಎಂಟಿಯ ಗಡಿಯಾರ ಕಾರ್ಖಾನೆಯನ್ನು ದಶಕಗಳ ಕಾಲ ತನ್ನದೆಂದು ಹೇಳಿಕೊಂಡ ತುಮಕೂರಿಗೆ ಈ ವಿಷಯ ಹೊಸದಾಗಬೇಕಾಗಿಲ್ಲ. 2016ರಲ್ಲಿ ಕೇಂದ್ರ ಸರ್ಕಾರವು ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ನಿರ್ಧರಿಸಿ, ಆ ಕಾರ್ಖಾನೆಯ ನೆಲವು ಮುಂದೆ ಇಸ್ರೋ ಸಂಸ್ಥೆಗೆ ಸಂದಿತಾದರೂ, ಗಾಜಿನ ಪೆಟ್ಟಿಗೆಯ ಹಿಂದೆ ಕಣ್ಣಿಗೆ ಭೂತಗಾಜು ಸಿಕ್ಕಿಸಿ ಕೂರುವ ವಾಚು ರಿಪೇರಿಯವರು ಊರಿನಲ್ಲಿ ಇನ್ನೂ ಇದ್ದಾರೆ. ಕಂಪ್ಯೂಟರ್ ಅಂಗಡಿಯಲ್ಲಿ ‘ನಾಳೆ ಬನ್ನಿ’ ಎನ್ನುವ ಸೆಲ್ಲು ಅವರ ಡ್ರಾಯರಿನಲ್ಲಿ ಸಿಕ್ಕುವುದೂ ಉಂಟು. ಕೇಳಬೇಕಾದ ಹೆಸರು ಸಿಆರ್ 2032. 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ ಎಂಬುದು ಆ ಅಂಕಿಗಳಲ್ಲೇ ಅಡಗಿದೆ.

ಸೆಲ್ಲು ಬರಿದಾದುದಕ್ಕೆ ಸಾಕ್ಷಿ ಪರದೆಯ ಮೇಲೆಯೇ ದೊರೆಯುತ್ತದೆ. ತಾರೀಖು ಹತ್ತಾರು ವರ್ಷ ಹಿಂದಕ್ಕೆ ಓಡಿರುತ್ತದೆ. ‘ಸಿಮಾಸ್ ಚೆಕ್‌ಸಮ್ ಎರರ್’ ಎಂಬ ಸೂಚನೆ ಬಂದಿರುತ್ತದೆ. ಈ ಎರಡರಲ್ಲಿ ಒಂದು ಕಂಡರೂ ಡಿಸ್ಕನ್ನು ದೂರುವ ಮೊದಲು ಸೆಲ್ಲನ್ನು ಬದಲಿಸಬೇಕು. ಜಮೀನು ಇದ್ದಲ್ಲಿಯೇ ಇದ್ದು, ಬೆಳೆಯೂ ನಿಂತಿದ್ದು, ತಾಲ್ಲೂಕು ಕಚೇರಿಯ ಪಹಣಿಯಲ್ಲಿ ಮಾತ್ರ ಹೆಸರು ಬಿಟ್ಟುಹೋಗಿದ್ದರೆ ರೈತನು ಜಮೀನೇ ಹೋಯಿತೆಂದು ಅಳುತ್ತ ಕೂರುವುದಿಲ್ಲ. ಕಚೇರಿಗೆ ಹೋಗಿ ತಿದ್ದುಪಡಿಗೆ ಅರ್ಜಿ ಕೊಡುತ್ತಾನೆ. ಇಲ್ಲಿಯ ಕಚೇರಿಯು ಯಂತ್ರವು ಏಳುವಾಗ ‘ಡಿಲೀಟ್’ ಕೀಲಿಯನ್ನೋ, ಕೆಲವು ಕಂಪನಿಗಳದ್ದಾದರೆ ‘ಎಫ್2’ ಅಥವಾ ‘ಎಫ್10’ ಕೀಲಿಯನ್ನೋ ಒತ್ತಿದಾಗ ತೆರೆದುಕೊಳ್ಳುವ ಸೆಟಪ್ ಪರದೆ.

ಆ ಪರದೆಯಲ್ಲಿ ‘ಐಡಿಇ ಎಚ್‌ಡಿಡಿ ಆಟೋ ಡಿಟೆಕ್ಷನ್’ ಎಂಬುದನ್ನು ಆರಿಸಿದೊಡನೆ, ಡಿಸ್ಕು ಜೀವದಿಂದಿದ್ದರೆ ತನ್ನ ಅಳತೆಗಳನ್ನು ತಾನೇ ಹೇಳಿಕೊಳ್ಳುತ್ತದೆ. ಕಾರ್ಯವು ಇಲ್ಲಿಗೆ ಮುಗಿಯಿತೆಂದು ತಿಳಿಯುವುದು ಸಹಜ. ವಾಸ್ತವದಲ್ಲಿ ಅತ್ಯಂತ ಸೂಕ್ಷ್ಮವಾದ ಘಟ್ಟವು ಇಲ್ಲಿಂದಲೇ ಆರಂಭವಾಗುತ್ತದೆ. ಏಕೆಂದರೆ ಯಂತ್ರವು ಒಂದೇ ಡಿಸ್ಕಿಗೆ ‘ನಾರ್ಮಲ್’, ‘ಎಲ್‌ಬಿಎ’, ‘ಲಾರ್ಜ್’ ಎಂದು ಮೂರು ಬಗೆಯ ಲೆಕ್ಕಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದು ಬೇಕೆಂದು ಕೇಳುತ್ತದೆ. ಉತ್ತರವು ತಪ್ಪಾದರೆ ಡಿಸ್ಕು ಕಂಡೂ ಕಾಣದಂತಾಗುತ್ತದೆ.

ಈ ತೊಡಕಿನ ಮೂಲವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಉಚಿತ. ಡಿಸ್ಕಿನೊಳಗೆ ಒಂದೇ ಅಕ್ಷದ ಮೇಲೆ ತಿರುಗುವ ತಟ್ಟೆಗಳಿವೆ. ಆ ತಟ್ಟೆಗಳ ಮುಖಗಳ ಮೇಲೆ ಓದುವ ಮತ್ತು ಬರೆಯುವ ಹೆಡ್ಡುಗಳು ಕೂದಲೆಳೆಗಿಂತ ಎಷ್ಟೋ ಪಾಲು ಕಡಮೆಯಾದ ಎತ್ತರದಲ್ಲಿ ತೇಲುತ್ತವೆ. ಮಾಹಿತಿಯ ವಿಳಾಸವನ್ನು ಸಿಲಿಂಡರು ಇಷ್ಟನೆಯದು, ಹೆಡ್ಡು ಇಷ್ಟನೆಯದು, ಸೆಕ್ಟರು ಇಷ್ಟನೆಯದು ಎಂದು ಮೂರು ಸಂಖ್ಯೆಗಳಿಂದ ಹೇಳುವುದು ಹಳೆಯ ಕಾಲದ ವಾಡಿಕೆ. ಬಯೋಸಿನ ನಿಯಮದಲ್ಲಿ ಸಿಲಿಂಡರುಗಳು 1024ನ್ನು ಮೀರುವಂತಿರಲಿಲ್ಲ, ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಐಡಿಇ ಪದ್ಧತಿಯಲ್ಲಿ ಹೆಡ್ಡುಗಳು 16ನ್ನು ಮೀರುವಂತಿರಲಿಲ್ಲ, ಸೆಕ್ಟರುಗಳು 63ನ್ನು ಮೀರುವಂತಿರಲಿಲ್ಲ. ಒಂದೊಂದು ಸೆಕ್ಟರಿಗೆ 512 ಬೈಟಿನಂತೆ ಇವನ್ನೆಲ್ಲ ಗುಣಿಸಿದರೆ 52,84,82,304 ಬೈಟು ಆಗುತ್ತದೆ. ಎರಡು ಇಲಾಖೆಗಳ ಕಟ್ಟಳೆಗಳು ಸೇರಿದಲ್ಲಿ ಇಬ್ಬರೂ ಉದ್ದೇಶಿಸದಿದ್ದ ಸಂಕೋಚವೊಂದು ಹುಟ್ಟುವುದು ಸರ್ಕಾರದಲ್ಲಿ ಮಾತ್ರ ನಡೆಯತಕ್ಕ ಸಂಗತಿಯಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಡಿಸ್ಕುಗಳು ಈ ಮಿತಿಯನ್ನು ಮೀರಿ ಬೆಳೆದಾಗ ಯಂತ್ರಜ್ಞರು, ನಿಜದಲ್ಲಿ ಇಲ್ಲದ ಹೆಡ್ಡುಗಳನ್ನು 255ರವರೆಗೆ ಕಲ್ಪಿಸಿಕೊಂಡು ಸಿಲಿಂಡರುಗಳ ಸಂಖ್ಯೆಯನ್ನು ಇಳಿಸುವ ಒಂದು ಯುಕ್ತಿಯನ್ನು ಹೂಡಿದರು. ಎಲ್‌ಬಿಎ ಎಂದು ಸೆಟಪ್ಪಿನಲ್ಲಿ ಕಾಣುವ ಲೆಕ್ಕ ಆ ಯುಕ್ತಿಯದು.

ಹೀಗಾಗಿ, ಎಲ್‌ಬಿಎ ಲೆಕ್ಕದಲ್ಲಿ ಬರೆದ ಡಿಸ್ಕನ್ನು ನಾರ್ಮಲ್ ಲೆಕ್ಕದಲ್ಲಿ ಓದಹೊರಟರೆ ವಿಚಿತ್ರವೊಂದು ಘಟಿಸುತ್ತದೆ. ಮೊದಲನೆಯ ಸಿಲಿಂಡರಿನ ಮೊದಲ ಹದಿನಾರು ಹೆಡ್ಡುಗಳ ಭಾಗವು, ಎಂದರೆ ಆರಂಭದ 1008 ಸೆಕ್ಟರುಗಳು, ಎರಡು ಲೆಕ್ಕಗಳಲ್ಲೂ ಒಂದೇ ಸ್ಥಾನದಲ್ಲಿ ಸಿಗುತ್ತವೆ. ಆದ್ದರಿಂದ ಯಂತ್ರವು ಎದ್ದು ಹೊರಡುವಂತೆ ತೋರುತ್ತದೆ. ಒಂದೆರಡು ಸಾಲು ಪರದೆಯ ಮೇಲೆ ಮೂಡಲೂಬಹುದು. 1009ನೆಯ ಸೆಕ್ಟರಿನಿಂದ ಮುಂದೆ ಕೇಳಿದ್ದೊಂದು ಸಿಕ್ಕಿದ್ದೊಂದು ಎಂಬಂತಾಗಿ ಯಂತ್ರವು ಸ್ತಬ್ಧವಾಗುತ್ತದೆ. ಡಿಸ್ಕಿನ ಮೇಲಿರುವ ಅಕ್ಷರಗಳಲ್ಲಿ ಒಂದೂ ಅಳಿಸಿರುವುದಿಲ್ಲ. ಆದರೆ ಈ ಸ್ಥಿತಿಯಲ್ಲಿ ಯಾರಾದರೂ ‘ಸ್ಕ್ಯಾನ್‌ಡಿಸ್ಕ್’ ಓಡಿಸಿ ಸರಿಪಡಿಸಲು ಹೋದರೆ, ಅಥವಾ ಹೊಸದಾಗಿ ವಿಂಡೋಸ್ ಹಾಕಲು ತೊಡಗಿದರೆ, ತಪ್ಪು ವಿಳಾಸಗಳಲ್ಲಿ ಬರೆಹವು ಬಿದ್ದು, ಅದುವರೆಗೆ ಕೇವಲ ಮರೆವಾಗಿದ್ದದ್ದು ನಿಜವಾದ ವಿನಾಶವಾಗಿ ಪರಿಣಮಿಸುತ್ತದೆ. ರಿಪೇರಿಯವರ ಅಜ್ಞಾನಕ್ಕಿಂತ ಅವರ ಉತ್ಸಾಹವು ಹೆಚ್ಚು ಅಪಾಯಕಾರಿಯೆಂದು ನಾನು ಭಾವಿಸಿರುವುದು ಈ ಕಾರಣದಿಂದ.

ಗುಬ್ಬಿಯ ಯಂತ್ರದಲ್ಲಿ ನಡೆದದ್ದು ಇಷ್ಟೇ. ಹಳೆಯ ಸೆಲ್ಲನ್ನು ಅದರ ಕಚ್ಚಿನಿಂದ ಬಿಡಿಸಿ ಮೀಟರಿಗೆ ಹಿಡಿದಾಗ ಮುಳ್ಳು ಒಂದು ವೋಲ್ಟನ್ನೂ ಮುಟ್ಟಲಿಲ್ಲ. ಹೊಸದನ್ನು ಕೂರಿಸಿ, ತಾರೀಖು ತಿದ್ದಿ, ಡಿಸ್ಕನ್ನು ಹುಡುಕಲು ಹೇಳಿದಾಗ 4.3 ಜಿಬಿಯ ಡಿಸ್ಕು ತನ್ನ ಅಂಕಿಗಳನ್ನು ಒಪ್ಪಿಸಿತು. ಎಲ್‌ಬಿಎ ಎಂಬ ಸಾಲನ್ನು ಆರಿಸಿ ಉಳಿಸಿದ ಮೇಲೆ, ಮೋಡ ಮತ್ತು ನೀಲಿ ಆಕಾಶದ ಚಿತ್ರವುಳ್ಳ ವಿಂಡೋಸ್ 98 ಮೆಲ್ಲಗೆ ಮೂಡಿತು. ಹಿರಿಯರು ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗುಳಿಬರಲು ಹೊರಗೆ ಹೋಗಿದ್ದರಿಂದ ಆ ಕ್ಷಣವನ್ನು ನೋಡುವ ಭಾಗ್ಯ ಅವರಿಗೆ ತಪ್ಪಿತು.

ಎಲ್ಲ ಯಂತ್ರಗಳೂ ಇಷ್ಟು ಸಾಧುವಾಗಿರುವುದಿಲ್ಲ. ಕುಣಿಗಲ್ಲಿನ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿದ್ದ, ತೊಂಬತ್ತರ ದಶಕದ ಆರಂಭದ 386 ಯಂತ್ರದಲ್ಲಿ ನಾಣ್ಯಾಕಾರದ ಸೆಲ್ಲಿರಲಿಲ್ಲ. ಬದಲಿಗೆ ಬೋರ್ಡಿಗೇ ಬೆಸುಗೆ ಹಾಕಿದ, ನೀಲಿ ಹೊದಿಕೆಯ, ಉರುಳೆಯಾಕಾರದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಇತ್ತು. ಈ ಜಾತಿಯ ಬ್ಯಾಟರಿಗಳು ಮುಪ್ಪಿನಲ್ಲಿ ಸೋರುತ್ತವೆ. ಸೋರುವ ದ್ರವವು ಆಮ್ಲವೆಂದು ಹಲವರು ತಿಳಿದು ಅಡಿಗೆಸೋಡ ಹಚ್ಚಲು ಹೋಗುತ್ತಾರೆ. ಅದು ವಸ್ತುತಃ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಕ್ಷಾರವಾದ್ದರಿಂದ, ಅದನ್ನು ಶಮನಗೊಳಿಸಲು ಬೇಕಾದದ್ದು ವಿನೆಗರಿನಂಥ ಸೌಮ್ಯವಾದ ಹುಳಿ. ಬ್ಯಾಟರಿಯ ಸುತ್ತ ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು ಹಬ್ಬಿ, ಕೀಲಿಮಣೆಯ ಸಾಕೆಟ್ಟಿನವರೆಗೂ ಸಾಗಿತ್ತು. ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಹತ್ತಿ ಸುತ್ತಿದ ಕಡ್ಡಿಯಿಂದ ವಿನೆಗರು ಸವರಿ, ಬಟ್ಟಿಯಿಳಿಸಿದ ನೀರಿನಿಂದಲೂ ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದಲೂ ತೊಳೆದು, ಪೂರ್ತಿ ಒಣಗಿಸಿ, ಮದರ್‌ಬೋರ್ಡಿನ ಹೊರಬ್ಯಾಟರಿ ಪಿನ್ನುಗಳಿಗೆ ಬೇರೊಂದು ಬ್ಯಾಟರಿಯನ್ನು ತಂತಿಯಿಂದ ಕೊಟ್ಟ ಮೇಲೆ ಯಂತ್ರವೇನೋ ಎದ್ದಿತು. ಆದರೆ ಡಿಸ್ಕನ್ನು ತಾನೇ ಹುಡುಕಿಕೊಳ್ಳುವ ಸಾಮರ್ಥ್ಯ ಆ ಬಯೋಸಿಗಿರಲಿಲ್ಲ. ಆ ಕಾಲದ ಅನೇಕ ಬಯೋಸುಗಳಲ್ಲಿ 46 ಬಗೆಯ ಡಿಸ್ಕುಗಳ ಅಳತೆಗಳು ಮೊದಲೇ ಮುದ್ರಿತವಾಗಿದ್ದು, ಅವುಗಳಲ್ಲಿ ನಮ್ಮದು ಇಲ್ಲದಿದ್ದರೆ 47ನೆಯ ಬಗೆಯನ್ನು ಆರಿಸಿ, ಸಿಲಿಂಡರು, ಹೆಡ್ಡು, ಸೆಕ್ಟರುಗಳ ಸಂಖ್ಯೆಯನ್ನು ನಾವೇ ಬೆರಳಿನಿಂದ ತುಂಬಬೇಕಾಗಿತ್ತು. ಸಾಮಾನ್ಯವಾಗಿ ಈ ಮೂರು ಸಂಖ್ಯೆಗಳು ಡಿಸ್ಕಿನ ಮೇಲ್ಮೈಯ ಚೀಟಿಯಲ್ಲಿ ಇರುತ್ತವೆ. ಕುಣಿಗಲ್ಲಿನ ಡಿಸ್ಕಿನ ಚೀಟಿಯನ್ನು ಜಿರಲೆಗಳು ಗೀರಿ ತಿಂದಿದ್ದುವು. “ಸಾರ್, ಯಂತ್ರ ತಂದ ವರ್ಷ ಆ ಹುಡುಗ ಏನೇನೋ ನಂಬರ್ ಬರೆಸಿದ್ದ” ಎಂದು ಮೇಷ್ಟರು ಒಳಗಿನಿಂದ ಒಂದು ಹಳೆಯ ಪಾಠಯೋಜನೆಯ ಪುಸ್ತಕ ತಂದರು; ಅದರ ಹಿಂಬದಿಯ ರಟ್ಟಿನ ಮೇಲೆ, ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರಗಳಲ್ಲಿ ಮೂರೂ ಸಂಖ್ಯೆಗಳಿದ್ದುವು.

ಸ್ಮೃತಿಯು ಸರಿಯಾಗಿದ್ದೂ ಡಿಸ್ಕು ಕಾಣದಿದ್ದರೆ ದೋಷವನ್ನು ದಾರಿಯಲ್ಲಿ ಹುಡುಕಬೇಕು. ಹಳೆಯ ಐಡಿಇ ಯಂತ್ರಗಳಲ್ಲಿ ಬೂದುಬಣ್ಣದ ಪಟ್ಟಿಯಂಥ ಕೇಬಲ್ಲಿದ್ದು, ಅದರ ಒಂದಂಚಿನ ಕೆಂಪು ಗೆರೆಯು ಮೊದಲನೆಯ ಪಿನ್ನಿನ ಕಡೆಗಿರತಕ್ಕದ್ದು. ಮಡಿಕೆಗಳಲ್ಲಿ ಒಳತಂತಿ ತುಂಡಾಗಿರುವುದು ಹೊರಗೆ ಕಾಣದು, ಬೇರೊಂದು ಕೇಬಲ್ಲನ್ನು ಹಾಕಿ ನೋಡಿಯೇ ತಿಳಿಯಬೇಕು. ಡಿಸ್ಕಿನ ಬೆನ್ನಿನಲ್ಲಿರುವ ಜಂಪರ್ ಎಂಬ ಅಕ್ಕಿಕಾಳಿನಷ್ಟರ ತುಣುಕು ಅದನ್ನು ಮಾಸ್ಟರೆಂದೋ ಸ್ಲೇವೆಂದೋ ನಿಶ್ಚಯಿಸುತ್ತದೆ. ಒಂದೇ ಕೇಬಲ್ಲಿನಲ್ಲಿ ಸಿ.ಡಿ. ಡ್ರೈವೂ ಡಿಸ್ಕೂ ಎರಡೂ ಮಾಸ್ಟರುಗಳಾಗಿ ಕೂತರೆ ಎರಡೂ ಕಾಣದೆ ಹೋಗುವುದುಂಟು. 2003ರ ಸುಮಾರಿಗೆ ಬಂದ ಸಾಟಾ ಡಿಸ್ಕುಗಳಲ್ಲಿ ಜಂಪರಿನ ಈ ಜಗಳವಿಲ್ಲ. ಆದರೆ ಅಲ್ಲಿಯೂ ಸೆಲ್ಲು ಬರಿದಾದಾಗ ಬಯೋಸು ತನ್ನ ಮೂಲಸ್ಥಿತಿಗೆ ಮರಳಿ ‘ಐಡಿಇ’ ಎಂದಿದ್ದ ಕ್ರಮವನ್ನು ‘ಎಎಚ್‌ಸಿಐ’ ಎಂದು ಬದಲಿಸಿಕೊಂಡರೆ, ವಿಂಡೋಸ್ ಎಕ್ಸ್‌ಪಿಯು 7ಬಿ ಎಂದು ಮುಗಿಯುವ ಅಂಕಿಯುಳ್ಳ ನೀಲಿಪರದೆಯನ್ನು ತೋರಿಸಿ ನಿಲ್ಲುತ್ತದೆ. ಸೆಟಪ್ಪಿನಲ್ಲಿ ಆ ಒಂದು ಪದವನ್ನು ಹಿಂದಿನಂತೆ ಮಾಡಿದರೆ ಸಾಕು.

ಇನ್ನು ಡಿಸ್ಕೇ ರೋಗಗ್ರಸ್ತವಾಗಿರುವ ಸಂದರ್ಭ. ಇದನ್ನು ಕಿವಿಯಿಂದ ತಿಳಿಯಬೇಕು. ಸಮನಾದ ಗುಂಯ್‌ಗುಟ್ಟುವಿಕೆ ಶುಭ. ಟಕ್ ಟಕ್ ಎಂದು ಲಯಬದ್ಧವಾಗಿ ಬಡಿಯುವ ಸದ್ದು ಹೆಡ್ಡು ತನ್ನ ದಾರಿಯನ್ನು ಕಾಣದೆ ಹಿಂದುಮುಂದಾಗುತ್ತಿರುವುದರ ಲಕ್ಷಣ, ಆಗ ಕೂಡಲೆ ವಿದ್ಯುತ್ತನ್ನು ತೆಗೆಯತಕ್ಕದ್ದು. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುವುದೆಂಬ ಮಾತನ್ನು ನಂಬಬಾರದು. ಒಳಗೆ ತೇವ ಕಟ್ಟಿ ಉಳಿದದ್ದೂ ಹಾಳಾಗುವುದು. ಮುಚ್ಚಳವನ್ನು ಬಿಚ್ಚಿ ನೋಡುವ ಕುತೂಹಲವು ಇನ್ನೂ ಅನರ್ಥಕಾರಿ, ಹೆಡ್ಡು ತೇಲುವ ಎತ್ತರದ ಮುಂದೆ ಒಂದು ಧೂಳಿನ ಕಣವೂ ಬಂಡೆಯೇ ಸರಿ.

ಕಾಣಿಸಿಕೊಂಡ ಡಿಸ್ಕಿನ ವಿಷಯದಲ್ಲಿ ಮಾಡಬೇಕಾದ ಮೊದಲ ಕೆಲಸವು ಅದರ ಪ್ರತಿಯನ್ನು ತೆಗೆಯುವುದು. ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಸೇರಿಸುವ ಕೊಂಡಿಗಳು ಈಗಲೂ ದೊರೆಯುತ್ತವೆ. ಮೇಜಿನ ಯಂತ್ರದ ದೊಡ್ಡ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ವಿದ್ಯುತ್ತು ಬೇಕೆಂಬುದನ್ನು ಮರೆಯಬಾರದು. ಹೊಸ ಕಂಪ್ಯೂಟರಿಗೆ ಹೀಗೆ ಸೇರಿಸಿದಾಗ ಅದು ಸೌಜನ್ಯದಿಂದಲೇ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುವುದುಂಟು. ಆ ಪ್ರಶ್ನೆಗೆ ಬೇಡವೆನ್ನಬೇಕು. ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ವಿಭಾಗಗಳ ಪಟ್ಟಿಗಾಗಿ ಮೀಸಲಾದ 64 ಬೈಟುಗಳು ಕೆಟ್ಟಿದ್ದರೂ ಈ ಪ್ರಶ್ನೆ ಬರಬಹುದು. ಅಂಥಲ್ಲಿ ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ತಂತ್ರಾಂಶವು ಕಳೆದ ವಿಭಾಗಗಳನ್ನು ಹುಡುಕಿಕೊಡುತ್ತದೆ. ಓದಲು ಕಷ್ಟಪಡುವ ಡಿಸ್ಕಾದರೆ ಲಿನಕ್ಸಿನ ‘ಡಿಡಿರೆಸ್ಕ್ಯೂ’ ಎಂಬುದು ಸುಲಭವಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಹಠಮಾಡುವ ಸೆಕ್ಟರುಗಳ ಬಳಿಗೆ ಕೊನೆಯಲ್ಲಿ ಮರಳುತ್ತದೆ. ಟೆಸ್ಟ್‌ಡಿಸ್ಕನ್ನು ಮೂಲದ ಮೇಲೆ ಪ್ರಯೋಗಿಸದೆ, ಪ್ರತಿಯ ಮೇಲೆ ಶಸ್ತ್ರಚಿಕಿತ್ಸೆ ನಡೆಸುವುದು ವಿವೇಕ.

ಗುಬ್ಬಿಯ ಹಿರಿಯರಿಗೆ ಇನ್ನೊಂದು ಗಾಬರಿ ಕಾದಿತ್ತು. ಕಡತಗಳನ್ನು ಮಗನ ಲ್ಯಾಪ್‌ಟಾಪಿಗೆ ನಕಲು ಮಾಡಿ ತೆರೆದರೆ, ‘ಕುರುಕ್ಷೇತ್ರ’ ನಾಟಕದ ಹಾಡುಗಳ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳೂ, ತಲೆಯ ಮೇಲೆ ಕೊಂಬುಳ್ಳ ಪರದೇಶದ ಚಿಹ್ನೆಗಳೂ ತುಂಬಿದ್ದುವು. “ಎಲ್ಲಾ ಕೆಟ್ಟೋಗಿದೆ ಸ್ವಾಮಿ” ಎಂದು ಫೋನಿನಲ್ಲಿ ಅವರು ಹೇಳಿದಾಗ ಅವರ ಧ್ವನಿಯೇ ಕುಗ್ಗಿತ್ತು. ಕೆಟ್ಟದ್ದೇನೂ ಇರಲಿಲ್ಲ. 1998ರಲ್ಲಿ ಬಂದ ‘ಬರಹ’ವೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಮೊದಮೊದಲು ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ್ದುವು, ಅದಕ್ಕೆ ಹೊಂದುವ ಫಾಂಟು ಇದ್ದರೆ ಕನ್ನಡವಾಗಿ ಕಾಣುವುದು, ಇಲ್ಲದಿದ್ದರೆ ಹೀಗೆ ವಿಕಾರವಾಗಿ ಕಾಣುವುದು. ಹಳೆಯ ಯಂತ್ರದ ವಿಂಡೋಸಿನ ‘ಫಾಂಟ್ಸ್’ ಕೋಶವನ್ನೂ ಕಡತಗಳ ಜೊತೆಯಲ್ಲೇ ನಕಲು ಮಾಡಿಕೊಂಡಿದ್ದರಿಂದ, ಅದರಲ್ಲಿದ್ದ ಫಾಂಟನ್ನು ಲ್ಯಾಪ್‌ಟಾಪಿನಲ್ಲಿ ಸ್ಥಾಪಿಸಿದೊಡನೆ ಹಾಡುಗಳು ಸ್ವಸ್ವರೂಪಕ್ಕೆ ಬಂದುವು. ಆಮೇಲೆ ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡಿಗೆ ತಿರುಗಿಸಿಕೊಂಡದ್ದಾಯಿತು. ಪರಿವರ್ತನೆಯಲ್ಲಿ ಅರ್ಕಾವತ್ತುಗಳೂ ಕೆಲವು ಒತ್ತಕ್ಷರಗಳೂ ಅಲ್ಲಲ್ಲಿ ಪಲ್ಲಟವಾಗಿದ್ದು, ಅವನ್ನು ತಿದ್ದುವ ಕೆಲಸವನ್ನು ಹಿರಿಯರು ತಾವೇ ವಹಿಸಿಕೊಂಡಿದ್ದಾರೆ.

ಹಳೆಯ ಯಂತ್ರವನ್ನು ಮತ್ತೆ ಅಟ್ಟಕ್ಕೇರಿಸುವವರು ಎರಡು ಕೆಲಸಗಳನ್ನು ಮಾಡಿ ಏರಿಸುವುದು ಒಳ್ಳೆಯದು. ಉರುಳೆಯಾಕಾರದ ಬ್ಯಾಟರಿಯಿದ್ದರೆ, ಸೋರಿದ್ದರೂ ಸೋರದಿದ್ದರೂ, ತೆಗೆಸಿಬಿಡಬೇಕು. ಸೆಟಪ್ ಪರದೆಯಲ್ಲಿ ಕಾಣುವ ಸಿಲಿಂಡರು, ಹೆಡ್ಡು, ಸೆಕ್ಟರುಗಳ ಸಂಖ್ಯೆಯನ್ನೂ, ನಾರ್ಮಲ್, ಎಲ್‌ಬಿಎ, ಲಾರ್ಜ್ ಎಂಬವುಗಳಲ್ಲಿ ಯಾವುದನ್ನು ಆರಿಸಿದೆಯೆಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಮೈಗೆ ಅಂಟಿಸಬೇಕು. ಮೈದಾಹಿಟ್ಟಿನ ಅಂಟಾದರೆ ಜಿರಲೆಗಳಿಗೆ ಪ್ರಿಯ, ಸೆಲ್ಲೋಟೇಪೇ ಮೇಲು.